ಉಳಿಸಿದ ನೀರು ಹೋಗುವುದೆಲ್ಲಿಗೆ? ನೀರು, ವಿದ್ಯುತ್, ಆಹಾರ, ನಿಸರ್ಗಗಳ ಕೂಡುಲೆಕ್ಕ

ಕಿರ್ಗಿಸ್ತಾನದ ಬೆಟ್ಟಗಳ ನಡುವೆ ನಾರಿನ್ ನದಿಗೆ ಕಟ್ಟಿದ ಟೊಕ್ಟೊಗುಲ್ ಜಲಾಶಯ ಸುಮಾರು 19.5 ಘನ ಕಿಲೋಮೀಟರ್ ನೀರು ಹಿಡಿಯುತ್ತದೆ. ಸೋವಿಯತ್ ಕಾಲದಲ್ಲಿ ಅದಕ್ಕೆ ಒಪ್ಪಿಸಿದ ಕೆಲಸ ಸ್ಪಷ್ಟವಾಗಿತ್ತು. ಹಿಮ ಕರಗಿ ಬಂದ ನೀರನ್ನು ಕೂಡಿಟ್ಟುಕೊಂಡು, ಬೇಸಿಗೆಯಲ್ಲಿ ಕೆಳಗಿನ ಉಜ್ಬೇಕಿಸ್ತಾನ, ಕಜಾಕಿಸ್ತಾನಗಳ ಹತ್ತಿ ಹೊಲಗಳಿಗೆ ಬಿಡಬೇಕು. ಚಳಿಗಾಲದಲ್ಲಿ ಕಿರ್ಗಿಸ್ತಾನದ ಮನೆಗಳನ್ನು ಬೆಚ್ಚಗಿಡಲು ಬೇಕಾದ ಕಲ್ಲಿದ್ದಲು, ಅನಿಲ ಕೆಳಗಿನ ಗಣರಾಜ್ಯಗಳಿಂದ ಮೇಲಕ್ಕೆ ಬರುತ್ತಿತ್ತು. 1991ರಲ್ಲಿ ದೇಶಗಳು ಬೇರೆಯಾದವು, ಇಂಧನಕ್ಕೆ ಮಾರುಕಟ್ಟೆ ಬೆಲೆ ಬಂತು. ಅಷ್ಟು ಹಣ ತೆರಲಾಗದ ಕಿರ್ಗಿಸ್ತಾನ ಚಳಿಗಾಲದಲ್ಲೇ ನೀರು ಬಿಟ್ಟು ಟರ್ಬೈನ್ ತಿರುಗಿಸತೊಡಗಿತು. ಕೆಳಗಡೆ ಯಾರಿಗೂ ನೀರು ಬೇಡದ ತಿಂಗಳಲ್ಲಿ ನದಿ ತುಂಬಿ ಬಂತು. ನಾರಿನ್ ನೀರು ಮುಂದೆ ಸೇರುವ ಸಿರ್ ದರಿಯಾ ನದಿಯ ಹಿಮಗಟ್ಟಿದ ಪಾತ್ರದಲ್ಲಿ ಹಿಡಿಸದ ನೀರನ್ನು ಉಜ್ಬೇಕಿಸ್ತಾನದ ಅರ್ನಸಾಯ್ ತಗ್ಗಿಗೆ ತಿರುಗಿಸಬೇಕಾಯಿತು. ಬೇಸಿಗೆ ಬಂದಾಗ ಹೊಲಕ್ಕೆ ನೀರು ಸಾಲಲಿಲ್ಲ. ಕೊನೆಗೆ ಕಜಾಕಿಸ್ತಾನ ಚಳಿಗಾಲದ ನೆರೆಯನ್ನು ತಡೆದಿಟ್ಟುಕೊಳ್ಳಲೆಂದೇ ಕೊಕ್ಸರಾಯ್ ಎಂಬ ಇನ್ನೊಂದು ಜಲಾಶಯ ಕಟ್ಟಿಕೊಂಡಿತು.

ಇವರಲ್ಲಿ ಯಾರ ಲೆಕ್ಕವೂ ತಪ್ಪಿರಲಿಲ್ಲ. ವಿದ್ಯುತ್ ಇಲಾಖೆಯ ಪುಸ್ತಕ ತೆರೆದರೆ ಚಳಿಗಾಲದಲ್ಲಿ ನೀರು ಬಿಟ್ಟದ್ದು ಸರಿ. ಕೃಷಿ ಇಲಾಖೆಯ ಪುಸ್ತಕದಲ್ಲಿ ಬೇಸಿಗೆಗೆ ನೀರು ಕೇಳಿದ್ದೂ ಸರಿ. ಪುಸ್ತಕಗಳು ಬೇರೆಬೇರೆಯಾಗಿದ್ದವು, ನದಿ ಮಾತ್ರ ಒಂದೇ ಆಗಿತ್ತು. 2011ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ನಡೆದ ಸಮ್ಮೇಳನದ ನಂತರ ನೀರು, ಶಕ್ತಿ, ಆಹಾರ ಮೂರನ್ನೂ ಒಟ್ಟಿಗೆ ನೋಡಬೇಕೆಂಬ ಮಾತು ಸರ್ಕಾರಗಳ ಕಡತಗಳಿಗೆ ಹತ್ತಿತು. ಪರಿಸರ ವ್ಯವಸ್ಥೆ ನಾಲ್ಕನೆಯದಾಗಿ ಸೇರಿತು. ಮಾತು ಹಬ್ಬಿದಷ್ಟು ಕೆಲಸ ಹಬ್ಬಲಿಲ್ಲ. ಎಲ್ಲವೂ ಎಲ್ಲಕ್ಕೂ ಸಂಬಂಧಿಸಿದೆ ಎಂದು ಹೇಳಿಬಿಟ್ಟರೆ ಎಂಜಿನಿಯರ್ ಮಾಡಬೇಕಾದ ಕೆಲಸವೇನು ಎಂಬುದು ಗೊತ್ತಾಗುವುದಿಲ್ಲ. ಈ ನಾಲ್ಕೂ ಕೂಡುವ ಜಾಗಗಳು ಎಣಿಸಿದರೆ ಹದಿನೈದಿಪ್ಪತ್ತು ಸಿಗುತ್ತವೆ, ಪ್ರತಿಯೊಂದನ್ನೂ ಅಳೆಯಬಹುದು. ಕೆಲಸ ಶುರುವಾಗಬೇಕಾದದ್ದು ಆ ಅಳತೆಯಿಂದ.

ಒಂದು ಘನ ಮೀಟರ್ ನೀರಿಗೆ ಎಷ್ಟು ಯೂನಿಟ್?

ಎಲ್ಲಕ್ಕಿಂತ ಸುಲಭವಾದ ಕೂಡುಜಾಗ ಪಂಪ್. ಒಂದು ಘನ ಮೀಟರ್, ಅಂದರೆ 1,000 ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 9.81 ಕಿಲೋಜೂಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ 3,600 ಕಿಲೋಜೂಲ್. ಭಾಗಿಸಿದರೆ ಮೀಟರಿಗೆ 0.0027 ಯೂನಿಟ್ ಬರುತ್ತದೆ. 100 ಮೀಟರ್ ಆಳದಿಂದ ಎತ್ತಲು 0.27 ಯೂನಿಟ್ ಸಾಕು ಎಂದಾಯಿತು. ಆದರೆ ಮೋಟಾರು, ಪಂಪು, ಪೈಪಿನ ಘರ್ಷಣೆ ಎಲ್ಲ ಸೇರಿ ಒಟ್ಟು ದಕ್ಷತೆ ಶೇ. 40 ಇದ್ದರೆ ನಿಜವಾಗಿ ಖರ್ಚಾಗುವುದು 0.68 ಯೂನಿಟ್. ಹೊಲದಲ್ಲಿ ಇದನ್ನು ಹೀಗೆ ಓದಬೇಕು: ಒಂದು ಹೆಕ್ಟೇರಿನಲ್ಲಿ 1 ಮಿಲಿಮೀಟರ್ ನೀರು ಎಂದರೆ 10 ಘನ ಮೀಟರ್. ಒಂದು ಸಲಕ್ಕೆ 50 ಮಿ.ಮೀ. ಹಾಯಿಸಿದರೆ 500 ಘನ ಮೀಟರ್, ಸುಮಾರು 340 ಯೂನಿಟ್. ಬೆಳೆಗೆ ಹತ್ತು ಸಲ ಹಾಯಿಸಿದರೆ 3,400 ಯೂನಿಟ್.

ಅಂತರ್ಜಲ ಇನ್ನೂ 20 ಮೀಟರ್ ಇಳಿದರೆ ಈ ಖರ್ಚು ಶೇ. 20ರಷ್ಟು ಏರಬೇಕು ಎಂದು ಕಾಗದದ ಲೆಕ್ಕ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಕೆಟ್ಟದಾಗುತ್ತದೆ. ಪ್ರತಿ ಪಂಪಿಗೂ ತನ್ನದೇ ಎತ್ತರದಲ್ಲಿ ಗರಿಷ್ಠ ದಕ್ಷತೆ ಇರುತ್ತದೆ. 60 ಮೀಟರಿಗೆಂದು ಆರಿಸಿದ ಪಂಪು 80 ಮೀಟರಿನಿಂದ ಎತ್ತುವಾಗ ಹರಿವು ಬಹಳ ಕುಗ್ಗುತ್ತದೆ, ಓಡುವ ಗಂಟೆಗಳು ಹೆಚ್ಚುತ್ತವೆ. ರೈತ ದೊಡ್ಡ ಮೋಟಾರು ಇಳಿಸುತ್ತಾನೆ, ಅದರ ಎಳೆತಕ್ಕೆ ಬಾವಿಯೊಳಗಿನ ನೀರಿನ ಮಟ್ಟ ಇನ್ನಷ್ಟು ಕುಸಿಯುತ್ತದೆ. ಅಂತರ್ಜಲದ ಕುಸಿತ ವಿದ್ಯುತ್ ಬಿಲ್ಲಿನಲ್ಲಿ ಮೊದಲೇ ಕಾಣಿಸಿಕೊಳ್ಳುವುದು ಹೀಗೆ. ಒಂದು ಪ್ರದೇಶದ ಪಂಪ್‌ಸೆಟ್ ಫೀಡರುಗಳ ಮಾಪಕವನ್ನು ಸರಿಯಾಗಿ ಓದಬಲ್ಲವರಿಗೆ ಬಾವಿಯ ಮಟ್ಟದ ಅಂದಾಜೂ ಸಿಕ್ಕಿಬಿಡುತ್ತದೆ.

ಬೇರೆ ಜಾಗಗಳಲ್ಲೂ ಇದೇ ಅಳತೆಗೋಲು ನಡೆಯುತ್ತದೆ. ಸಮುದ್ರದ ನೀರನ್ನು ಪೊರೆಯ ಮೂಲಕ ಒತ್ತಿ ಉಪ್ಪು ತೆಗೆಯಲು ಘನ ಮೀಟರಿಗೆ 3ರಿಂದ 4 ಯೂನಿಟ್ ಬೇಕು. ಒಳ್ಳೆಯ ಪಂಪಿನಿಂದ ಅದೇ ನೀರನ್ನು 900 ಮೀಟರ್ ಎತ್ತರಕ್ಕೆ ಏರಿಸಲು ತಗಲುವಷ್ಟು ಶಕ್ತಿ ಅದು. ಕುಡಿಯುವ ನೀರಿಗೆ ಈ ಖರ್ಚು ತಡೆದುಕೊಳ್ಳಬಹುದು. ಒಂದು ಕೆಜಿ ಧಾನ್ಯಕ್ಕೆ ಸುಮಾರು ಒಂದು ಘನ ಮೀಟರ್ ನೀರು ಕುಡಿಯುವ ಹೊಲಕ್ಕೆ ಇದನ್ನು ಪರಿಹಾರವೆಂದು ಸೂಚಿಸುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿರುವುದಿಲ್ಲ. ಕೊಳಚೆ ನೀರಿನ ಶುದ್ಧೀಕರಣಕ್ಕೆ 0.3ರಿಂದ 0.6 ಯೂನಿಟ್, ಅದರಲ್ಲಿ ಅರ್ಧದಷ್ಟು ಬರಿಯ ಗಾಳಿ ಊದಲು ಹೋಗುತ್ತದೆ.

ಎದುರು ದಿಕ್ಕಿನಲ್ಲಿ, ವಿದ್ಯುತ್ತಿಗೂ ನೀರು ಬೇಕು. ಕೂಲಿಂಗ್ ಟವರ್ ಇರುವ ಕಲ್ಲಿದ್ದಲು ಅಥವಾ ಅಣುಸ್ಥಾವರ ಪ್ರತಿ 1,000 ಯೂನಿಟ್‌ಗೆ 2ರಿಂದ 3 ಘನ ಮೀಟರ್ ನೀರನ್ನು ಆವಿ ಮಾಡಿ ಗಾಳಿಗೆ ಕಳಿಸುತ್ತದೆ. ಟವರ್ ಇಲ್ಲದೆ ನದಿಯ ನೀರನ್ನೇ ಹಾಯಿಸಿ ತಣ್ಣಗಾಗುವ ಸ್ಥಾವರ 100 ಘನ ಮೀಟರಿಗಿಂತ ಹೆಚ್ಚು ಎಳೆದುಕೊಂಡು, ಹೆಚ್ಚಿನದನ್ನು ಬಿಸಿಮಾಡಿ ಹಿಂದಿರುಗಿಸುತ್ತದೆ. ನೀರಿಲ್ಲದ ಶೀತಲೀಕರಣವೂ ಇದೆ. ಆದರೆ ಅದರ ದಕ್ಷತೆ ಬೀಳುವುದು ಸೆಖೆ ವಿಪರೀತವಾದ ದಿನಗಳಲ್ಲಿ, ಅಂದರೆ ಬೇಡಿಕೆ ತುದಿಗೇರಿದಾಗ. ಫಲಕದ ಸೌರವಿದ್ಯುತ್ತಿಗೆ ಧೂಳು ತೊಳೆಯುವಷ್ಟು ನೀರು ಸಾಕು.

ಆಹಾರದೊಳಗೆ ಅಡಗಿ ಕೂತ ಶಕ್ತಿ ಬಹಳಷ್ಟು ಇರುವುದು ಗೊಬ್ಬರದಲ್ಲಿ. ಒಂದು ಟನ್ ಅಮೋನಿಯಾ ತಯಾರಿಸಲು ಹೊಸ ಕಾರ್ಖಾನೆಗಳಲ್ಲೂ ಸುಮಾರು 29 ಗಿಗಾಜೂಲ್ ನೈಸರ್ಗಿಕ ಅನಿಲ ಬೇಕು. ಹೆಕ್ಟೇರಿಗೆ 100 ಕೆಜಿ ಸಾರಜನಕ ಹಾಕಿದರೆ, ಸುಮಾರು 122 ಕೆಜಿ ಅಮೋನಿಯಾದ ಲೆಕ್ಕದಲ್ಲಿ, ಸಾವಿರ ಯೂನಿಟ್ಟಿಗೆ ಹತ್ತಿರದ ಶಕ್ತಿಯನ್ನು ಹೊಲಕ್ಕೆ ಸುರಿದಂತೆ. ಜಗತ್ತಿನ ಸರಾಸರಿಯಲ್ಲಿ ಅದರ ಅರ್ಧದಷ್ಟು ಮಾತ್ರ ಬೆಳೆಗೆ ಹತ್ತುತ್ತದೆ. ಉಳಿದದ್ದು ನೈಟ್ರೇಟ್ ಆಗಿ ಬಾವಿಗೆ, ಕೆರೆಗೆ ಇಳಿಯುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಈ ಅನಿಲ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಹೆಚ್ಚಾಗಿ ನೀರು ಹಾಯಿಸಿದ ಹೊಲದಿಂದ ಗೊಬ್ಬರವೂ ಸೋರಿಹೋಗುತ್ತದೆ. ಹಾಗಾಗಿ ನೀರು ಪೋಲಾದ ಕಡೆ ಶಕ್ತಿ ಎರಡು ಸಲ ಪೋಲಾಗಿರುತ್ತದೆ.

ತೆಗೆದದ್ದು ಬೇರೆ, ತೀರಿದ್ದು ಬೇರೆ

ಈ ವಿಷಯದಲ್ಲಿ ಜನ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಅದಕ್ಕಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ನದಿಯಿಂದ ಅಥವಾ ಬಾವಿಯಿಂದ ತೆಗೆದ ನೀರೆಲ್ಲ ಖರ್ಚಾಗಿ ಹೋಗುವುದಿಲ್ಲ. ಆವಿಯಾಗಿ ಗಾಳಿಗೆ ಹೋದದ್ದು, ಬೆಳೆಯ ಎಲೆಯ ಮೂಲಕ ಹೊರಬಿದ್ದದ್ದು, ಸಮುದ್ರಕ್ಕೋ ಉಪ್ಪುನೀರಿನ ಪದರಕ್ಕೋ ಸೇರಿ ಕೆಟ್ಟದ್ದು, ಇವಿಷ್ಟು ಮಾತ್ರ ಆ ಜಲಾನಯನದ ಮಟ್ಟಿಗೆ ತೀರಿದ ನೀರು. ಮಿಕ್ಕದ್ದು ಇಂಗಿ, ಬಸಿದು, ಯಾರದೋ ಬಾವಿಗೆ ಅಥವಾ ಕೆಳಗಿನ ಹಳ್ಳಕ್ಕೆ ಮರಳಿ ಬರುತ್ತದೆ.

ಉದಾಹರಣೆಗೆ ಲೆಕ್ಕಕ್ಕೆಂದು ಒಂದು ಹೊಲ ಇಟ್ಟುಕೊಳ್ಳೋಣ. ಕಾಲುವೆಯಿಂದ 1,000 ಘನ ಮೀಟರ್ ಹಾಯಿಸಿದರು. ಬೆಳೆ 550 ಕುಡಿಯಿತು, 100 ಮಣ್ಣಿನಿಂದ ಆವಿಯಾಯಿತು, 350 ಇಂಗಿ ಕೆಳಗಿನ ಬಾವಿಗಳಿಗೆ ಸೇರಿತು. ಈಗ ಹನಿ ನೀರಾವರಿ ಬಂತು, 650 ಸಾಕಾಯಿತು. ಬೆಳೆ ಚೆನ್ನಾಗಿ ಬಂದು 600 ಕುಡಿಯಿತು, ಆವಿ 30ಕ್ಕೆ ಇಳಿಯಿತು, ಇಂಗಿದ್ದು 20. ವರದಿಯಲ್ಲಿ ಶೇ. 35 ನೀರು ಉಳಿತಾಯ ಎಂದು ಬರೆಯುತ್ತಾರೆ. ತೀರಿದ ನೀರು ಮಾತ್ರ ಮೊದಲೂ 650, ಈಗಲೂ ಹೆಚ್ಚುಕಡಿಮೆ 630. ಉಳಿಯಿತು ಎಂದುಕೊಂಡದ್ದು ಕೆಳಗಿನ ಬಾವಿಯವರ ನೀರು. ರೈತ ಆ 350 ಘನ ಮೀಟರಿನಿಂದ ಇನ್ನರ್ಧ ಎಕರೆಗೆ ಪೈಪು ಎಳೆದರೆ, ಸಹಾಯಧನ ಕೊಟ್ಟು ಜಲಾನಯನವನ್ನು ಮೊದಲಿಗಿಂತ ಹೆಚ್ಚು ಒಣಗಿಸಿದಂತಾಗುತ್ತದೆ.

ಇದರಿಂದ ಹನಿ ನೀರಾವರಿ ಕೆಟ್ಟದ್ದು ಎಂದು ತಿಳಿಯಬಾರದು. ಇಂಗಿದ ನೀರು ಉಪ್ಪು ಪದರಕ್ಕೆ ಹೋಗುವಲ್ಲಿ ಅದು ನಿಜವಾದ ಉಳಿತಾಯ. ಆಳದ ಬಾವಿಯಿಂದ ಎತ್ತುವಲ್ಲಿ ನೀರು ಉಳಿಯದಿದ್ದರೂ ವಿದ್ಯುತ್ ಉಳಿಯುತ್ತದೆ, ಗೊಬ್ಬರ ಸೋರುವುದು ನಿಲ್ಲುತ್ತದೆ. ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ಕಾಲುವೆಯ ಅಚ್ಚುಕಟ್ಟಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಹನಿ ಕೊಳವೆಗೆ 10ರಿಂದ 15 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಬೇಕು, ಮೊದಲು ವಿದ್ಯುತ್ತೇ ಬೇಡವಾಗಿದ್ದ ಹೊಲಕ್ಕೆ ಈಗ ಪಂಪು ಬರುತ್ತದೆ. ಸ್ಪೇನ್ ತನ್ನ ಹಳೆಯ ಕಾಲುವೆ ನೀರಾವರಿಯನ್ನು ಒತ್ತಡದ ಕೊಳವೆಗಳಿಗೆ ಬದಲಿಸಿದಾಗ ಆದದ್ದು ಇದೇ: ಹೊಲದ ದಕ್ಷತೆ ಏರಿತು, ಜೊತೆಗೆ ವಿದ್ಯುತ್ ಬಳಕೆಯೂ ಏರಿತು. ಆದ್ದರಿಂದ ಸಹಾಯಧನಕ್ಕೆ ಮೊದಲು ಆ ಹೊಲದ ಬಸಿನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬೇಕು. ಉತ್ತರ ಏನೇ ಬಂದರೂ, ಹನಿ ನೀರಾವರಿಯ ಜೊತೆಗೆ ಒಟ್ಟು ವಿಸ್ತೀರ್ಣಕ್ಕೋ ಒಟ್ಟು ನೀರಿಗೋ ಮಿತಿ ಹಾಕದಿದ್ದರೆ ನದಿಗೆ ಒಂದು ಹನಿಯೂ ಮರಳುವುದಿಲ್ಲ.

ಸೌರ ಪಂಪಿನದೂ ಇದೇ ಜಾತಿಯ ಸಮಸ್ಯೆ. ಹೊಗೆಯಿಲ್ಲ, ಬಿಲ್ಲಿಲ್ಲ, ಹಗಲು ಹೊತ್ತು ನೀರು. ಇನ್ನೊಂದು ಗಂಟೆ ಓಡಿಸಲು ಏನೂ ಖರ್ಚಿಲ್ಲವಾದ್ದರಿಂದ ಪಂಪು ನಿಲ್ಲಿಸಲು ಕಾರಣವೂ ಇರುವುದಿಲ್ಲ. ಗುಜರಾತಿನ ಧುಂಡಿ ಗ್ರಾಮದಲ್ಲಿ 2016ರಿಂದ ನಡೆದ ಪ್ರಯೋಗ ಈ ಗಂಟನ್ನು ಬಿಡಿಸುವ ಒಂದು ದಾರಿ ತೋರಿಸಿತು. ಪಂಪುಗಳನ್ನು ವಿದ್ಯುತ್ ಜಾಲಕ್ಕೆ ಜೋಡಿಸಿ, ಮಿಕ್ಕ ಯೂನಿಟ್ಟುಗಳನ್ನು ರೈತರ ಸಹಕಾರ ಸಂಘದಿಂದ ವಿದ್ಯುತ್ ಕಂಪನಿ ಕೊಂಡುಕೊಂಡಿತು. ಮಾರಿದ ಯೂನಿಟ್ಟಿಗೆ ಬೆಲೆ ಬಂದಾಗ ಸುಮ್ಮನೆ ಎತ್ತಿದ ನೀರಿಗೂ ಬೆಲೆ ಬಂದಂತಾಯಿತು. ಈ ಉಪಾಯ ಕೈಗೂಡಬೇಕಾದರೆ ಕೊಳ್ಳುವ ದರ, ರೈತ ಪಕ್ಕದವನಿಗೆ ನೀರು ಮಾರಿ ಗಳಿಸುವುದಕ್ಕಿಂತ ಹೆಚ್ಚಿರಬೇಕು. ಕಡಿಮೆಯಿದ್ದರೆ ಫಲಕಗಳು ನೀರನ್ನೇ ಎತ್ತುತ್ತವೆ.

ಬಿಸಿ ಏರಿದಾಗ ಒಟ್ಟಿಗೇ ಕೆಡುವುದು

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ. 7 ಹೆಚ್ಚುತ್ತದೆ. ಆದ್ದರಿಂದ ಬಂದ ಮಳೆ ಜೋರಾಗಿ ಬರುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ. ಹೊಲದ ಮಟ್ಟದಲ್ಲಿ ಇದನ್ನು ಹೀಗೆ ಕಾಣಬಹುದು: 30 ಡಿಗ್ರಿಯಲ್ಲಿ ಗಾಳಿಯ ಪೂರ್ಣ ಆವಿಯೊತ್ತಡ (ಅದು ಹಿಡಿಯಬಲ್ಲಷ್ಟು ಆವಿಯ ಒತ್ತಡ) 4.24 ಕಿಲೋಪಾಸ್ಕಲ್, 32 ಡಿಗ್ರಿಯಲ್ಲಿ 4.76. ಗಾಳಿಯಲ್ಲಿರುವ ತೇವ 2.12ರಲ್ಲೇ ನಿಂತರೆ, ಎಲೆಯಿಂದ ನೀರು ಹೀರುವ ಸೆಳೆತ 2.12ರಿಂದ 2.64ಕ್ಕೆ ಏರುತ್ತದೆ, ಅಂದರೆ ಶೇ. 25ರಷ್ಟು. ಗಿಡ ತನ್ನ ರಂಧ್ರಗಳನ್ನು ಮುಚ್ಚಿಕೊಂಡು ತಡೆಯುವುದರಿಂದ ನೀರಿನ ಬೇಡಿಕೆ ಅಷ್ಟೂ ಏರುವುದಿಲ್ಲ. ಆದರೆ ರಂಧ್ರ ಮುಚ್ಚಿದ ಗಿಡ ಆಹಾರವನ್ನೂ ತಯಾರಿಸುವುದಿಲ್ಲ, ಇಳುವರಿ ಕುಗ್ಗುತ್ತದೆ.

ಇವೆಲ್ಲ ಬಿಡಿಬಿಡಿಯಾಗಿ ಬಂದರೆ ನಿಭಾಯಿಸಬಹುದು. ಒಂದೇ ವಾರದಲ್ಲಿ ಒಟ್ಟಿಗೆ ಬಂದಾಗ ಕಷ್ಟ. 2003ರ ಬೇಸಿಗೆಯಲ್ಲಿ ಫ್ರಾನ್ಸಿನ ನದಿಗಳು ಬಿಸಿಯೇರಿ ಅಣುಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಯಿತು, ಏಕೆಂದರೆ ಬಿಸಿನೀರು ಬಿಟ್ಟರೆ ಮೀನುಗಳು ಸಾಯದಂತೆ ಕಾಯುವ ತಾಪಮಿತಿ ದಾಟುತ್ತಿತ್ತು. 2022ರಲ್ಲಿ ಕೆಲವು ಸ್ಥಾವರಗಳಿಗೆ ಆ ಮಿತಿಯಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟರು. ವಿದ್ಯುತ್ತಿನ ಕೊರತೆಯನ್ನು ನದಿಯ ಜೀವಿಗಳ ಲೆಕ್ಕಕ್ಕೆ ದಾಟಿಸಿದ ನಿರ್ಧಾರ ಅದು. ಜಾಂಬೆಜಿ ನದಿಯ ಕರೀಬಾ ಜಲಾಶಯದಲ್ಲಿ ಸರಪಣಿ ಇನ್ನೂ ಉದ್ದ. ಜಾಂಬಿಯಾ ತನ್ನ ವಿದ್ಯುತ್ತಿನ ಬಹುಪಾಲಿಗೆ ಜಲವಿದ್ಯುತ್ತನ್ನು ನೆಚ್ಚಿದೆ. ಬರ ಬಂದು ಮಟ್ಟ ಟರ್ಬೈನಿನ ಕನಿಷ್ಠ ಗೆರೆಯಾದ, ಸಮುದ್ರಮಟ್ಟದಿಂದ 475.5 ಮೀಟರಿನ ಕಡೆಗೆ ಇಳಿದಾಗಲೆಲ್ಲ ದಿನದ ಹಲವು ಗಂಟೆ ಕರೆಂಟು ಕಡಿತ. ಬೆಳೆ ಒಣಗಿದ ವರ್ಷವೇ ಪಂಪು, ಹಿಟ್ಟಿನ ಗಿರಣಿ, ಶೈತ್ಯಾಗಾರ ನಿಲ್ಲುತ್ತವೆ. ಅಡುಗೆಗೆ ಜನ ಇದ್ದಿಲಿಗೆ ಮರಳುತ್ತಾರೆ, ಕಾಡು ಕರಗುತ್ತದೆ. ಕಾಡು ಕರಗಿದ ಇಳಿಜಾರಿನಿಂದ ಮುಂದಿನ ಮಳೆಗೆ ಹೂಳು ಇಳಿದು ಬರುತ್ತದೆ.

ಹಳೆಯ ಸರಾಸರಿಯನ್ನು ನಂಬಿ ಹಂಚಿಕೊಂಡ ನೀರಿಗೆ ಅಮೆರಿಕದ ಕೊಲೊರಾಡೊ ನದಿ ದೊಡ್ಡ ಪಾಠ. 1922ರ ಒಪ್ಪಂದದಲ್ಲಿ ಮೇಲಿನ, ಕೆಳಗಿನ ಜಲಾನಯನಗಳಿಗೆ ವರ್ಷಕ್ಕೆ ತಲಾ ಸುಮಾರು 9.25 ಘನ ಕಿಲೋಮೀಟರ್ ಎಂದು ನಿಗದಿಯಾಯಿತು, 1944ರಲ್ಲಿ ಮೆಕ್ಸಿಕೋಗೆ ಇನ್ನಷ್ಟು ಸೇರಿತು. ಆ ಅಳತೆಗೆ ಆಧಾರವಾದ ವರ್ಷಗಳು ಮಳೆ ಹೆಚ್ಚಾಗಿ ಸುರಿದ ವರ್ಷಗಳು. 2000ದ ನಂತರ ಸರಾಸರಿಯಲ್ಲಿ ನದಿಗೆ ಅಷ್ಟು ನೀರು ಬರುತ್ತಿಲ್ಲ. ನಿಗದಿಯಾದ ಪ್ರಮಾಣವನ್ನು ಹಕ್ಕಾಗಿ ಬರೆದುಕೊಟ್ಟರೆ ಕೊರತೆಯ ವರ್ಷ ಅದು ಜಗಳವಾಗಿ ಹಿಂದಿರುಗುತ್ತದೆ. ಪಾಲಾಗಿ ಬರೆದುಕೊಟ್ಟರೆ ನದಿಯ ಜೊತೆಗೇ ಹಕ್ಕೂ ಹಿಗ್ಗಿ ಕುಗ್ಗುತ್ತದೆ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ಜಲಾನಯನದಲ್ಲಿ ನೀರಿನ ಹಕ್ಕು ಈ ಎರಡನೆಯ ಬಗೆಯದು. ಜಲಾಶಯದಲ್ಲಿ ಇದ್ದಷ್ಟಕ್ಕೆ ಹಕ್ಕಿನ ಶೇಕಡಾ ಇಷ್ಟು ಎಂದು ಋತುವಿನಲ್ಲಿ ಘೋಷಿಸುತ್ತ ಹೋಗುತ್ತಾರೆ.

ನದಿಗೆ ಬೇಕಾದದ್ದು ಉಳಿಕೆಯಲ್ಲ

ಯೋಜನೆಗಳಲ್ಲಿ ಪರಿಸರಕ್ಕೆ ಬಿಡುವ ನೀರನ್ನು ಕೊನೆಯ ಸಾಲಿನಲ್ಲಿ ಬರೆಯುವುದು ರೂಢಿ: ಎಲ್ಲರಿಗೂ ಕೊಟ್ಟು ಮಿಕ್ಕರೆ ಇಷ್ಟು. ಮಿಕ್ಕುವುದಿಲ್ಲ. ದಕ್ಷಿಣ ಆಫ್ರಿಕಾದ 1998ರ ಜಲ ಕಾಯ್ದೆ ಈ ಸಾಲನ್ನು ಮೇಲಕ್ಕೆ ತಂದಿತು. ಜನರ ಮೂಲ ಅಗತ್ಯದ ನೀರು, ನದಿಯ ಜೀವಕ್ಕೆ ಬೇಕಾದ ನೀರು, ಇವೆರಡನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಹಂಚಬೇಕು ಎಂದಿತು. ಕಾಗದದಲ್ಲಿ ಇದ್ದಷ್ಟು ಅದು ನೆಲದಲ್ಲಿ ಜಾರಿಯಾಗಿಲ್ಲವಾದರೂ, ಹಂಚಿಕೆಯ ಅನುಕ್ರಮ ಇರಬೇಕಾದದ್ದು ಹಾಗೆಯೇ.

ಪ್ರಮಾಣದಷ್ಟೇ ಮುಖ್ಯ ಅದರ ಲಯ. ವರ್ಷವಿಡೀ ಒಂದೇ ಸಮನೆ ಬಿಟ್ಟ ನೀರು ನದಿಯನ್ನು ಕಾಲುವೆ ಮಾಡುತ್ತದೆ. ಬೇಸಿಗೆಯ ಸಣ್ಣ ಹರಿವು, ಮೊದಲ ಮಳೆಗೆ ಮೀನುಗಳನ್ನು ಮೊಟ್ಟೆಯಿಡಲು ಕರೆಯುವ ಏರಿಕೆ, ದಡ ಮೀರಿ ಬಯಲಿಗೆ ಹೂಳು ಹರಡುವ ನೆರೆ, ಒಂದೊಂದಕ್ಕೂ ಕೆಲಸವಿದೆ. ಕಾಂಬೋಡಿಯಾದ ಟೊನ್ಲೆ ಸಾಪ್ ಸರೋವರ ನಿಂತಿರುವುದೇ ಈ ಲಯದ ಮೇಲೆ. ಮಳೆಗಾಲದಲ್ಲಿ ಮೆಕಾಂಗ್ ಉಬ್ಬಿದಾಗ ಅದರ ಉಪನದಿ ಹಿಮ್ಮುಖವಾಗಿ ಹರಿದು, ಸುಮಾರು 2,500 ಚದರ ಕಿಲೋಮೀಟರಿನ ಸರೋವರವನ್ನು 15,000ದ ಹತ್ತಿರಕ್ಕೆ ಹಿಗ್ಗಿಸುತ್ತದೆ. ಮುಳುಗಿದ ಕಾಡಿನಲ್ಲಿ ಮೀನು ಬೆಳೆಯುತ್ತದೆ, ದೇಶದ ಪ್ರೋಟೀನಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಮೇಲಿನ ಅಣೆಕಟ್ಟುಗಳು ಮಳೆಗಾಲದ ನೀರು ಹಿಡಿದು ಬೇಸಿಗೆಯಲ್ಲಿ ಬಿಟ್ಟರೆ ವರ್ಷದ ಒಟ್ಟು ನೀರು ಅಷ್ಟೇ ಇರುತ್ತದೆ, ಮೀನು ಮಾತ್ರ ಇರುವುದಿಲ್ಲ. ನೈಲ್ ನದಿಯಲ್ಲಿ ಆಸ್ವಾನ್ ಅಣೆಕಟ್ಟು 1964ರಿಂದ ನೆರೆಯನ್ನೂ ಹೂಳನ್ನೂ ತಡೆದ ಮೇಲೆ ಮುಖಜ ಭೂಮಿಯಾಚೆಗಿನ ಸಾರ್ಡೀನ್ ಮೀನುಗಾರಿಕೆ ಕುಸಿದುಬಿದ್ದದ್ದು ಇಂಥದೇ ಕಾರಣಕ್ಕೆ.

ಜಲವಿದ್ಯುತ್ ಕೇಂದ್ರ ಸಂಜೆಯ ಬೇಡಿಕೆಗೆ ತಕ್ಕಂತೆ ಗಂಟೆಗಂಟೆಗೆ ನೀರು ಏರಿಸಿ ಇಳಿಸುವಾಗ ಇನ್ನೊಂದು ತೊಂದರೆ. ಹರಿವು ಥಟ್ಟನೆ ಇಳಿದರೆ ದಡದ ಹೊಂಡಗಳಲ್ಲಿ ಮೀನಿನ ಮರಿಗಳು ಸಿಕ್ಕಿ ಸಾಯುತ್ತವೆ. ಗಂಟೆಗೆ ಎಷ್ಟು ಸೆಂಟಿಮೀಟರ್ ಇಳಿಯಬಹುದು ಎಂಬ ಮಿತಿಯನ್ನು ಕೇಂದ್ರದ ನಡಾವಳಿಯಲ್ಲೇ ಬರೆಯಬೇಕು. ಕೆಳಗೆ ಒಂದು ಚಿಕ್ಕ ಸಮತೋಲನ ಜಲಾಶಯವಿದ್ದರೆ ವಿದ್ಯುತ್ತಿಗೂ ನಷ್ಟವಿಲ್ಲ, ನದಿಗೂ ಪೆಟ್ಟಿಲ್ಲ.

ನಿಸರ್ಗದ ಹೆಸರಿನಲ್ಲಿ ಮಾಡಿದ್ದೆಲ್ಲ ನೀರು ಕೊಡುತ್ತದೆ ಎಂಬ ನಂಬಿಕೆಯೂ ಬೇಡ. ಒಣ ಹುಲ್ಲುಗಾವಲಿನಲ್ಲಿ ವೇಗವಾಗಿ ಬೆಳೆಯುವ ಮರ ನೆಟ್ಟರೆ ಅವು ಹುಲ್ಲಿಗಿಂತ ಹೆಚ್ಚು ನೀರು ಎಳೆದು ಹಳ್ಳದ ಹರಿವನ್ನು ತಗ್ಗಿಸುತ್ತವೆ. ದಕ್ಷಿಣ ಆಫ್ರಿಕಾ 1995ರಲ್ಲಿ ಆರಂಭಿಸಿದ ಕಾರ್ಯಕ್ರಮ ಜಲಾನಯನಗಳಿಂದ ಪರದೇಶಿ ಮರಗಳನ್ನು ಕಡಿದು ತೆಗೆಸಿದ್ದು ನೀರಿಗಾಗಿಯೇ. ಮಣ್ಣಿನಲ್ಲಿ ಸಾವಯವ ಇಂಗಾಲ ಶೇ. 1 ಹೆಚ್ಚಿಸಿದರೆ ಅಪಾರ ನೀರು ನಿಲ್ಲುತ್ತದೆ ಎನ್ನುವುದೂ ಉತ್ಪ್ರೇಕ್ಷೆ. ಮೇಲಿನ 30 ಸೆಂಟಿಮೀಟರಿನಲ್ಲಿ ಗಿಡಕ್ಕೆ ಸಿಗುವ ನೀರು ಹೆಚ್ಚುವುದು ಮೂರ್ನಾಲ್ಕು ಮಿಲಿಮೀಟರ್ ಅಷ್ಟೆ. ಅದರ ನಿಜವಾದ ಲಾಭ ಬೇರೆ ಕಡೆಯಿದೆ: ಮಣ್ಣಿನ ಮೇಲ್ಮೈ ಗಟ್ಟಿಯಾಗದೆ, ಜೋರು ಮಳೆ ಹರಿದುಹೋಗುವ ಬದಲು ಒಳಗಿಳಿಯುತ್ತದೆ.

ಒಂದು ಜಲಾನಯನದಲ್ಲಿ ಇದನ್ನು ಮಾಡುವುದು ಹೇಗೆ

ಮೊದಲು ಗಡಿ. ನೀರಿನ ಗಡಿ ಜಲಾನಯನ, ಅದರ ಕೆಳಗಿನ ಅಂತರ್ಜಲ ಪದರದ ಗಡಿ ಬಹಳ ಸಲ ಬೇರೆ. ವಿದ್ಯುತ್ತಿನ ಗಡಿ ಇನ್ನೂ ದೊಡ್ಡ ಜಾಲ, ಆಹಾರದ್ದು ಮಾರುಕಟ್ಟೆ. ಇವನ್ನು ಒಂದೇ ಗೆರೆಗೆ ಎಳೆಯಲು ಹೋಗಬಾರದು. ಜಲಾನಯನವನ್ನು ಮೂಲ ನಕ್ಷೆಯಾಗಿಟ್ಟು, ಹೊರಗಿನಿಂದ ಬರುವ ಮತ್ತು ಹೊರಗೆ ಹೋಗುವ ಯೂನಿಟ್ಟು, ಧಾನ್ಯ, ಮೇವುಗಳನ್ನು ಅಂಚಿನಲ್ಲಿ ಬರೆದುಕೊಂಡರೆ ಸಾಕು.

ಎರಡನೆಯದು ನೀರಿನ ಜಮಾಖರ್ಚು. ಮಳೆ ಮತ್ತು ಒಳಹರಿವು ಒಂದು ಕಡೆ. ಆವಿಯಾದದ್ದು, ಹೊರಹರಿವು, ಸಂಗ್ರಹದ ಬದಲಾವಣೆ ಇನ್ನೊಂದು ಕಡೆ. ತಿಂಗಳ ಲೆಕ್ಕವೇ ಬೇಕು. ವರ್ಷದ ಲೆಕ್ಕದಲ್ಲಿ ಟೊಕ್ಟೊಗುಲ್‌ನ ಜಗಳ ಕಾಣಿಸುವುದೇ ಇಲ್ಲ, ಏಕೆಂದರೆ ಅಲ್ಲಿ ಒಟ್ಟು ನೀರಿನ ಬಗ್ಗೆ ತಕರಾರಿರಲಿಲ್ಲ, ತಿಂಗಳ ಬಗ್ಗೆ ಇತ್ತು. ಸಂಗ್ರಹದ ಸಾಲು ತಪ್ಪುವುದು ಬಹಳ ಸುಲಭ. ಬಾವಿಯ ಮಟ್ಟ ಒಂದು ಮೀಟರ್ ಇಳಿದರೆ ಎಷ್ಟು ನೀರು ಹೋಯಿತು ಎಂಬುದು ಕೆಳಗಿನ ಪದರಕ್ಕೆ ತಕ್ಕ ಮಾತು. ಬಸಿಯುವ ಪ್ರಮಾಣ, ಅಂದರೆ ಪದರದ ಗಾತ್ರದಲ್ಲಿ ಬಸಿದು ಹೊರಬರುವ ನೀರಿನ ಪಾಲು, ಶೇ. 2 ಇರುವ ಗಟ್ಟಿ ಶಿಲೆಯಲ್ಲಿ ಅದು ಕೇವಲ 20 ಮಿ.ಮೀ. ನೀರು. ಶೇ. 15 ಇರುವ ಮರಳು ಮೆಕ್ಕಲಿನಲ್ಲಿ 150 ಮಿ.ಮೀ. ಒಂದೇ ಗುಣಾಂಕವನ್ನು ಇಡೀ ಜಲಾನಯನಕ್ಕೆ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಕೂಡಿಸಲೆಂದು ಯಾರೋ ಆವಿಯ ಸಂಖ್ಯೆಯನ್ನು ತಿದ್ದುತ್ತಾರೆ, ಅಲ್ಲಿಂದ ಮುಂದಿನದೆಲ್ಲ ಹಾಳು. ಲೆಕ್ಕ ಕೂಡದ ಭಾಗವನ್ನು ಮುಚ್ಚದೆ ಪ್ರತ್ಯೇಕ ಸಾಲಿನಲ್ಲಿ ತೋರಿಸುವುದೇ ಪ್ರಾಮಾಣಿಕತೆ.

ಆಮೇಲೆ ಕೂಡುಜಾಗಗಳ ಪಟ್ಟಿ: ಎತ್ತರವಾರು ಘನ ಮೀಟರಿಗೆ ಯೂನಿಟ್ಟು, ಬೆಳೆವಾರು ಹೆಕ್ಟೇರಿಗೆ ತೀರುವ ನೀರು, ಸ್ಥಾವರವಾರು ಸಾವಿರ ಯೂನಿಟ್ಟಿಗೆ ಆವಿ, ಶುದ್ಧೀಕರಣ ಘಟಕದಿಂದ ಹೊರಬೀಳುವ ನೀರು ಮತ್ತು ಸಾರಜನಕ. ಪುಸ್ತಕದ ಸಂಖ್ಯೆಗಳಿಂದ ಶುರುಮಾಡಿ, ದೊಡ್ಡ ಐದಾರನ್ನಾದರೂ ಸ್ಥಳದಲ್ಲೇ ಅಳೆದು ಬದಲಿಸಬೇಕು. ಕೊಳಚೆ ನೀರಿನ ಮರುಬಳಕೆಯಲ್ಲಿ ಒಂದು ಎಚ್ಚರ: ಒಳನಾಡಿನ ಪಟ್ಟಣ ಬಿಡುವ ನೀರನ್ನು ಬೇಸಿಗೆಯಲ್ಲಿ ಕೆಳಗಿನವರು ಈಗಾಗಲೇ ಬಳಸುತ್ತಿರಬಹುದು. ಅದನ್ನು ಕೈಗಾರಿಕೆಗೆ ತಿರುಗಿಸಿದರೆ ಹೊಸ ನೀರು ಹುಟ್ಟಿದಂತಾಗುವುದಿಲ್ಲ. ಕಡಲ ತೀರದ ಪಟ್ಟಣದಲ್ಲಿ ಮಾತ್ರ ಅದು ನಿಜವಾಗಿ ಹೊಸ ನೀರು.

ಮುಂದಿನ ಹವಾಮಾನಕ್ಕೆ ಒಂದೇ ಮುನ್ಸೂಚನೆ ಹಿಡಿದು ವಿನ್ಯಾಸ ಮಾಡುವ ಬದಲು, ವ್ಯವಸ್ಥೆ ಎಲ್ಲಿ ಮುರಿಯುತ್ತದೆ ಎಂದು ಮೊದಲು ಹುಡುಕಬೇಕು. ಉಷ್ಣತೆಯನ್ನು ಈಗಿನದರಿಂದ 4 ಡಿಗ್ರಿವರೆಗೆ ಐದು ಮೆಟ್ಟಿಲು, ಮಳೆಯನ್ನು ಶೇ. 30 ಕಡಿಮೆಯಿಂದ ಶೇ. 30 ಹೆಚ್ಚಿನವರೆಗೆ ಏಳು ಮೆಟ್ಟಿಲು ಮಾಡಿದರೆ 35 ಚೌಕಗಳಾಗುತ್ತವೆ. ಪ್ರತಿ ಚೌಕಕ್ಕೂ ಜಲಾಶಯ, ಬಾವಿ, ಬೆಳೆ, ಟರ್ಬೈನುಗಳನ್ನು ದಾಖಲೆಯ ಮೂವತ್ತು ನಲವತ್ತು ವರ್ಷ ಓಡಿಸಿ ನೋಡಬೇಕು. ಯಾವ ಚೌಕದಲ್ಲಿ ಕುಡಿಯುವ ನೀರು ತಪ್ಪುತ್ತದೆ, ಯಾವುದರಲ್ಲಿ ನದಿಯ ಹರಿವು ತಪ್ಪುತ್ತದೆ ಎಂದು ಬಣ್ಣ ಹಚ್ಚಿದ ಮೇಲೆ, ಹವಾಮಾನ ಮಾದರಿಗಳು ಯಾವ ಚೌಕಗಳ ಕಡೆ ವಾಲುತ್ತವೆ ಎಂದು ಕೇಳುವುದು. ಮಳೆ ಶೇ. 10 ಇಳಿದರೆ ನದಿಯ ಹರಿವು ಅದರ ಎರಡು ಮೂರು ಪಟ್ಟು ಇಳಿಯುವುದನ್ನು ಒಣ ಜಲಾನಯನಗಳಲ್ಲಿ ಈ ಕೋಷ್ಟಕ ತಕ್ಷಣ ತೋರಿಸಿಬಿಡುತ್ತದೆ.

ಕೊನೆಗೆ ಒಪ್ಪಂದ. ತಾಂತ್ರಿಕ ಕೆಲಸ ಎಷ್ಟೇ ಚೆನ್ನಾಗಿದ್ದರೂ ಯೋಜನೆಗಳು ಮುರಿದುಬೀಳುವುದು ಬಹುಮಟ್ಟಿಗೆ ಇಲ್ಲಿ. ಸಿರ್ ದರಿಯಾ ದೇಶಗಳು 1998ರಲ್ಲಿ ಒಂದು ಒಪ್ಪಂದಕ್ಕೆ ಬಂದವು: ಬೇಸಿಗೆಯಲ್ಲಿ ಕಿರ್ಗಿಸ್ತಾನ ನೀರು ಬಿಡುತ್ತದೆ, ಅದರ ಜೊತೆಗೆ ಬರುವ ವಿದ್ಯುತ್ತನ್ನು ಕೆಳಗಿನವರು ಕೊಳ್ಳುತ್ತಾರೆ, ಚಳಿಗಾಲಕ್ಕೆ ಇಂಧನ ಕೊಡುತ್ತಾರೆ. ಪ್ರಮಾಣವನ್ನು ವರ್ಷವರ್ಷವೂ ಕೂತು ಮಾತಾಡಿಕೊಳ್ಳಬೇಕಿತ್ತು. ಒಳ್ಳೆಯ ಮಳೆಯ ವರ್ಷ ಕೆಳಗಿನವರಿಗೆ ನೀರು ಅಷ್ಟಾಗಿ ಬೇಡವಾಯಿತು, ಇಂಧನವೂ ಅಷ್ಟಕ್ಕಷ್ಟೆ ಬಂತು, ಚಳಿ ಮಾತ್ರ ಎಂದಿನಂತೆ ಬಂತು. ಕಿರ್ಗಿಸ್ತಾನ ಮಾರುತ್ತಿದ್ದದ್ದು ಚಳಿಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಸೇವೆ. ಆ ಸೇವೆಗೆ ಮಳೆ ಹೆಚ್ಚಾದ ವರ್ಷವೂ ಖರ್ಚಿದೆ. ಬಿಟ್ಟ ನೀರಿಗೆ ಮಾತ್ರ ಬೆಲೆ ಕಟ್ಟಿ, ಹಿಡಿದಿಟ್ಟದ್ದಕ್ಕೆ ಕಟ್ಟದ ಒಪ್ಪಂದ ನಿಲ್ಲಲಿಲ್ಲ.

ಇದೇ ನದಿಯ ಕೊನೆಯಲ್ಲಿ, ಒಣಗಿ ತುಂಡಾದ ಅರಲ್ ಸಮುದ್ರದ ಉತ್ತರದ ತುಂಡು ಇದೆ. 2005ರಲ್ಲಿ ಕಜಾಕಿಸ್ತಾನ ವಿಶ್ವಬ್ಯಾಂಕಿನ ನೆರವಿನಿಂದ ಕೊಕಾರಾಲ್ ಎಂಬ ಸುಮಾರು 13 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ, ನದಿಯ ಪಾತ್ರವನ್ನೂ ಸರಿಪಡಿಸಿತು. ನೀರಿನ ಮಟ್ಟ ಅಂದಾಜಿಗಿಂತ ಬೇಗ ಏರಿತು, ಉಪ್ಪಿನಂಶ ಇಳಿಯಿತು, ಸಿಹಿನೀರಿನ ಮೀನುಗಳು ಮರಳಿದವು, ಮೀನುಗಾರಿಕೆ ಮತ್ತೆ ಶುರುವಾಯಿತು. ದಕ್ಷಿಣದ ದೊಡ್ಡ ಭಾಗಕ್ಕೆ ಈ ಭಾಗ್ಯ ಬರಲಿಲ್ಲ. ಉತ್ತರಕ್ಕೆ ಬರುವ ನೀರಿನಲ್ಲಿ ಹೊಲಗಳು ಎಳೆದುಕೊಳ್ಳದ ಚಳಿಗಾಲದ ಹರಿವೂ ಒಂದು ಪಾಲು. ರೈತರಿಗೆ ಅಕಾಲವಾದ ನೀರು ಸಮುದ್ರಕ್ಕೆ ಸಕಾಲದ್ದೇ ಆಗಿತ್ತು. ಟೊಕ್ಟೊಗುಲ್‌ನ ಬಿಡುಗಡೆಯನ್ನು ಮತ್ತೆ ಬೇಸಿಗೆಗೆ ತಿರುಗಿಸುವ ಯಾವುದೇ ಹೊಸ ಒಪ್ಪಂದದ ಕೋಷ್ಟಕದಲ್ಲಿ ವಿದ್ಯುತ್ತಿನ ಅಂಕಣ, ಹತ್ತಿಯ ಅಂಕಣಗಳ ಪಕ್ಕದಲ್ಲಿ ಈ ಸಮುದ್ರಕ್ಕೂ ತಿಂಗಳುವಾರು ಒಂದು ಅಂಕಣ ಇರಬೇಕು, ನವೆಂಬರಿನಿಂದ ಮಾರ್ಚಿನವರೆಗಿನ ಚೌಕಗಳು ಖಾಲಿ ಬೀಳದಂತೆ.